ಎರಡು ಕುಳಿ, ಉದ್ದೇಶ ತಿಳಿದಿಲ್ಲ

ಅಗೆತದ ವಹಿಯಲ್ಲಿ ನಾನೇ ಬರೆದದ್ದು, ಮೂರು ವರ್ಷದ ಹಿಂದೆ:
ಕುಲುಮೆಯ ಬುಡ. ಸುಟ್ಟ ಮಣ್ಣಿನ ಬಳೆ. ಕಿಟ್ಟ, ನಾಲ್ಕು ಬುಟ್ಟಿ.
ಗಾಳಿಬಾಯಿಯಿಂದ ಎರಡು ಮೊಳ ಹಿಂದೆ
ಎರಡು ಕುಳಿ, ಅಕ್ಕಪಕ್ಕ, ಬೊಗಸೆಯಷ್ಟೂ ಆಳವಿಲ್ಲ.
ಬಲದ್ದು ಎಡದ್ದಕ್ಕಿಂತ ಎರಡು ಬೆರಳು ಹೆಚ್ಚು.
ಕಂಬ ನೆಟ್ಟದ್ದೋ, ಏನೋ.
ಉದ್ದೇಶ ತಿಳಿದಿಲ್ಲ.

ಆ ಗುಂಡಿಯನ್ನು ಮುಚ್ಚಿದೆವು. ಅದರ ಮೇಲೀಗ ಸಿಲ್ವರ್ ಓಕ್ ಸಸಿ.

ಅಮ್ಮತ್ತಿಯ ಆಚೆ, ಕಾಫಿ ಕಣದ ಪಕ್ಕದ ಬರಿನೆಲದಲ್ಲಿ
ಅದೇ ಅಳತೆಯ ಕುಲುಮೆಯನ್ನು ಮತ್ತೆ ಕಟ್ಟಿದ್ದೇವೆ,
ಗದ್ದೆಯ ಜೇಡಿಗೆ ಭತ್ತದ ಹೊಟ್ಟು ಬೆರೆಸಿ, ತುಳಿದು.
ಕೊಯ್ಲು ಮುಗಿದಿದೆ. ಹೂಮಳೆ ಬೀಳುವುದರೊಳಗೆ
ನೆಲ ಬಿಟ್ಟುಕೊಡಬೇಕು, ಇದು ಮಾಲೀಕರ ಷರತ್ತು.

ಐರಿ ಚೋಮಣಿಯವರನ್ನು ಕರೆಸಿದ್ದೇವೆ. ಎಪ್ಪತ್ತೆರಡು.
ಒಡಿಕತ್ತಿ, ಪೀಚೆಕತ್ತಿ, ಕಪಾತಿನ ಕತ್ತಿ ಬಡಿದ ಕೈ.
ಮೊದಲ ದಿನವೇ ಹೇಳಿಬಿಟ್ಟರು:
"ಕಲ್ಲಿನಿಂದ ಕಬ್ಬಿಣ ತೆಗೆದದ್ದನ್ನು ನಾನು ಕಂಡವನಲ್ಲ,
ನನ್ನಪ್ಪನೂ ಕಂಡವನಲ್ಲ.
ನಮ್ಮ ಕಬ್ಬಿಣ ಸಿಗುವುದು ಲಾರಿಯ ಹೊಟ್ಟೆಯಡಿ."
ಸ್ಪ್ರಿಂಗ್ ಪಟ್ಟಿ. ಗುಜರಿಯ ಜೀಪು.
ನನ್ನ ಪ್ರಬಂಧದ ಮೊದಲ ಅಧ್ಯಾಯ
ಅಲ್ಲೇ, ಅವರು ಎಲೆಯಡಿಕೆ ಉಗಿದ ಸದ್ದಿಗೆ, ಮುಗಿಯಿತು.
"ಕಡಿಯದ ಕೊಂಡಿ" ಎಂದು ಅದಕ್ಕೆ ಹೆಸರಿಟ್ಟಿದ್ದೆ.

ಮೊದಲ ಉರಿಗೆ ಗೋಡೆ ಬಿರಿಯಿತು.
ಎರಡನೆಯದಕ್ಕೆ ಬರೀ ಕಿಟ್ಟ,
ತಳ ಹತ್ತಿದ ಬೆಲ್ಲದ ಪಾಕದ ಹಾಗೆ ಕಪ್ಪಗೆ, ಮಿರುಗುತ್ತ, ನಿಷ್ಪ್ರಯೋಜಕ.
ಮೂರನೆಯ ದಿನ ನಾಚಪ್ಪನ ಉಷ್ಣಮಾಪಕ
ಸಾವಿರದ ಇನ್ನೂರು ಎಂದಿತು. ಪುಸ್ತಕವೂ ಹೂಂ ಎಂದಿತು.
ಚೋಮಣಿ ಮಾತ್ರ ತಲೆಯಾಡಿಸಿದರು:
"ಹಸಿದಿದೆ ಇದು. ಸದ್ದು ಕೇಳಿ."
ನನಗೆ ಕೇಳಿಸಿದ್ದು ತಿದಿಯ ಏದುಸಿರು,
ತೋಟದಾಚೆ ಮಂಗಟ್ಟೆಯ ರೆಕ್ಕೆಬಡಿತ, ಅಷ್ಟೇ.
ತಿದಿಯೊತ್ತುತ್ತಿದ್ದ ಹುಡುಗನನ್ನು ಎಬ್ಬಿಸಿ
ಗಿಡ್ಡ ಮಣೆಯೆಳೆದು ತಾವೇ ಕೂತರು,
ಕಾಲು ಮುಂದಕ್ಕೆ ಚಾಚಿ,
ಹಿಮ್ಮಡಿಯನ್ನು ನೆಲಕ್ಕೆ ನಾಟಿ.

ಐದು ತಾಸು. ನಡುವೆ ಒಮ್ಮೆ ಮಾತ್ರ ನೀರು.

ಗೋಡೆ ಒಡೆದಾಗ ಹೊರಬಿತ್ತು, ಕೆಂಡದ ನಡುವೆ
ಮುಷ್ಟಿಯಷ್ಟು ಮುದ್ದೆ, ಜೇನು ಹಿಂಡಿದ ಹುಟ್ಟಿನಂತೆ ತೂತುತೂತು.
ಅವರು ಮೆಲ್ಲಗೆ ಬಡಿದರು. ಬಡಿದಲ್ಲೆಲ್ಲ ಅದು ಒಪ್ಪಿಕೊಂಡಿತು.
ಎಲ್ಲರ ಫೋನೂ ಅದರ ಮೇಲೆ.
ನಾನು ನೋಡಿದ್ದು ಅವರು ಎದ್ದ ಜಾಗ.

ಎರಡು ಕುಳಿ.
ಅಕ್ಕಪಕ್ಕ.
ಬೊಗಸೆಯಷ್ಟೂ ಆಳವಿಲ್ಲ.

ಟೇಪು ಹಿಡಿದ ಕೈ ನಡುಗುತ್ತಿತ್ತು, ಅಳತೆ ಎರಡು ಸಲ ತಪ್ಪಿತು.
ಇಲ್ಲಿ ಎಡದ್ದೇ ಆಳ.
"ಬಲಗೈಗೆ ಜೋರು ಬೇಕಾದರೆ ಎಡಗಾಲು ಊರಬೇಕಲ್ಲ,"
ಎಂದರು, ಇಷ್ಟೂ ಗೊತ್ತಿಲ್ಲವೇ ಎಂಬಂತೆ.
ಹಾಗಾದರೆ ಅಲ್ಲಿ, ಸಸಿಯ ಬೇರಿನಡಿ,
ಕೂತಿದ್ದವನು ಎಡಗೈಯವನು.
ಅಥವಾ ಎಡಗೈಯವಳು.
ಎರಡು ಸಾವಿರ ವರ್ಷದ ಬೂದಿಯೊಳಗಿಂದ
ಯಾರೋ ನನ್ನೆದುರು ಹಿಮ್ಮಡಿ ಊರಿದ ಹಾಗಾಯಿತು.

ಚೋಮಣಿ ಮುದ್ದೆಯ ಮೇಲಿನ ಕಣ್ಣು ತೆಗೆಯಲಿಲ್ಲ.
"ಮಂಡಿನೋವಿತ್ತೋ ಏನೋ ಪಾಪ," ಎಂದರು.
"ಇಲ್ಲಾ, ಬಿಸಿಗೆ ನಾಯಿ ಮಲಗಿತ್ತು."

ಸಂಜೆ ಎಲ್ಲರೂ ಹೋದಮೇಲೆ ಚಪ್ಪಲಿ ಬಿಚ್ಚಿ
ನನ್ನ ಹಿಮ್ಮಡಿಯನ್ನು ಅವರ ಕುಳಿಯಲ್ಲಿಟ್ಟೆ.
ಹೊಂದಲಿಲ್ಲ. ನೆಲ ಇನ್ನೂ ಬೆಚ್ಚಗಿತ್ತು.
ವಹಿ ತೆರೆದೆ. "ಉದ್ದೇಶ ತಿಳಿದಿಲ್ಲ" ಎಂಬುದನ್ನು
ಹೊಡೆದು ಹಾಕಲು ಪೆನ್ಸಿಲ್ಲೆತ್ತಿ,
ನಾಳೆ ಬೆಳಕಿನಲ್ಲಿ ಎಂದುಕೊಂಡು ಮುಚ್ಚಿದೆ.

ಬೆಳಿಗ್ಗೆ ಬಂದರೆ, ತೋಟದ ಕಂದುನಾಯಿ
ಎರಡು ಕುಳಿಯನ್ನೂ ಕೆರೆದು ಒಂದು ಮಾಡಿ
ಬಾಲದಲ್ಲಿ ಮೂತಿ ಹುದುಗಿಸಿ
ಗಾಢ ನಿದ್ದೆಯಲ್ಲಿತ್ತು.